ಮಾದರಿ ಪ್ರಬಂಧ ಕೊಡಿ, ಆಮೇಲೆ ವಾಪಸ್ ತಗೊಳ್ಳಿ: ಹೈಸ್ಕೂಲ್ ಇಂಗ್ಲಿಷ್ ಟೀಚರುಗಳಿಗೆ

ಉಡುಪಿ ಕಡೆಯ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಟೀಚರ್. ಕೆಲವು ವರ್ಷಗಳ ಹಿಂದೆ ಹತ್ತನೇ ಕ್ಲಾಸಿನ ಮಕ್ಕಳಿಗೆ ಒಂದು ಮಾದರಿ ಪ್ರಬಂಧ ಬರೆದು, ಜೆರಾಕ್ಸ್ ಮಾಡಿಸಿ ಹಂಚಿದ್ದೆ. ಜೆರಾಕ್ಸ್ ಮಾಡುವಾಗ ಹಾಳೆ ಸ್ವಲ್ಪ ಜಾರಿ, ಕೊನೆಯ ಸಾಲು ಅರ್ಧಕ್ಕೇ ತುಂಡಾಗಿತ್ತು. ನಾನು ಗಮನಿಸಿರಲಿಲ್ಲ. ಪ್ರಿಪರೇಟರಿ ಪೇಪರ್ ತಿದ್ದುವಾಗ ಗೊತ್ತಾಯಿತು. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಅದೇ ಅರ್ಧ ಸಾಲಿಗೆ ಪ್ರಬಂಧ ನಿಲ್ಲಿಸಿದ್ದರು. ಫುಲ್‌ಸ್ಟಾಪ್ ಕೂಡ ಇಲ್ಲ. ಒಬ್ಬ ಹುಡುಗನನ್ನು ಕರೆದು ಕೇಳಿದೆ, "ಎಂತ ಮಾರಾಯಾ, ಇಲ್ಲಿಗೇ ಯಾಕೆ ನಿಲ್ಲಿಸಿದ್ದು?" ಅವನು ಏನೂ ಮುಚ್ಚಿಡದೆ ಹೇಳಿದ, "ಟೀಚರ್, ನೀವು ಕೊಟ್ಟದ್ದು ಅಷ್ಟೇ ಅಲ್ವಾ?"

ಮೊದಲು ನಗು ಬಂತು, ಆಮೇಲೆ ಬೇಜಾರಾಯಿತು. ತಪ್ಪು ಅವನದ್ದಲ್ಲ. ನಾನು ಮಾದರಿ ಕೊಟ್ಟೆ. ಅದನ್ನು ಇಟ್ಟುಕೊಂಡು ಏನು ಮಾಡಬೇಕು ಅಂತ ಹೇಳಿಕೊಡಲಿಲ್ಲ. ಅವನಿಗೆ ಗೊತ್ತಿದ್ದ ಒಂದೇ ಕೆಲಸವನ್ನು ಅವನು ಮಾಡಿದ. ಬಾಯಿಪಾಠ.

ಹಾಗಂತ ಮಾದರಿ ಕೊಡುವುದೇ ತಪ್ಪು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಮಕ್ಕಳು ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಮಾತಾಡುತ್ತಾರೆ. ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಕಿವಿಗೆ ಬೀಳುವುದು ನಮ್ಮ ಪೀರಿಯಡ್‌ನಲ್ಲಿ ಮಾತ್ರ. "ಸ್ವಂತವಾಗಿ ಬರೀರಿ" ಅಂತ ಹೇಳಿ ನಾವು ಸುಮ್ನೆ ಕೂತರೆ ಅವರು ಎಂತ ಬರೆಯಬೇಕು? ಒಳ್ಳೆಯ ಉತ್ತರ ಹೇಗಿರುತ್ತದೆ ಅಂತಲೇ ನೋಡಿಲ್ಲವಲ್ಲ. ಆಸ್ಟ್ರೇಲಿಯಾದ ಜಾನ್ ಸ್ವೆಲರ್ ಎಂಬ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಬೀಜಗಣಿತ ಕಲಿಯುವ ಮಕ್ಕಳ ಮೇಲೆ ಪ್ರಯೋಗ ಮಾಡಿದ್ದರು. ಬಿಡಿಸಿಟ್ಟ ಲೆಕ್ಕಗಳನ್ನು ನೋಡಿ ಕಲಿತವರು, ಶುರುವಿನಿಂದಲೇ ಲೆಕ್ಕದ ಜೊತೆ ಗುದ್ದಾಡಿದವರಿಗಿಂತ ಬೇಗ ಕಲಿತರು. ಆಮೇಲಿನ ಸಂಶೋಧನೆಯಲ್ಲಿ ಇನ್ನೊಂದು ವಿಷಯವೂ ಕಂಡಿತು. ಕೈ ಪಳಗಿದ ಮೇಲೂ ಮಾದರಿ ಕೊಡುತ್ತಲೇ ಇದ್ದರೆ ಅದರಿಂದ ಲಾಭ ಕಡಿಮೆ, ಕೆಲವೊಮ್ಮೆ ತೊಂದರೆ. ಅಂದರೆ ಕೊಡುವುದೂ ಬೇಕು, ತೆಗೆಯುವುದೂ ಬೇಕು.

ನಮ್ಮ ಕಡೆಯವರಿಗೆ ಇದು ತಾಳಮದ್ದಲೆಯಿಂದ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಿಂದ, ಗೊತ್ತಿರುವ ವಿಷಯವೇ. ಭಾಗವತರು ಹೇಳುವ ಪದ್ಯ ಎಲ್ಲರಿಗೂ ಒಂದೇ. ಅರ್ಥ ಮಾತ್ರ ಅರ್ಥಧಾರಿಯ, ಅಂದರೆ ಪಾತ್ರವಾಗಿ ಮಾತಾಡುವವನ, ಸ್ವಂತದ್ದು. ಹೊಸಬರು ಹಿರಿಯರ ಅರ್ಥ ಕೇಳಿ ಕೇಳಿಯೇ ಕಲಿಯುತ್ತಾರೆ. ಆದರೆ ಒಬ್ಬರ ಅರ್ಥವನ್ನು ಉರು ಹೊಡೆದು ಬಂದು ಕೂತವನ ಕಥೆ, ಎದುರಿನ ಪಾತ್ರ ಒಂದು ಅಡ್ಡ ಪ್ರಶ್ನೆ ಹಾಕಿದ ಕೂಡಲೇ ಮುಗಿಯಿತು. ಸಾಹಿತ್ಯದ ಉತ್ತರವೂ ಹಾಗೇ. ಪಾಠ ಎಲ್ಲರಿಗೂ ಒಂದೇ, ಅರ್ಥ ಮಗುವಿನದ್ದಾಗಬೇಕು.

ನಾನು ಈಗ ಮಾಡುವ ಕ್ರಮ ಕೆಳಗಿದೆ. ಒಂದು ಪ್ರಶ್ನೆಗೆ ಮೂರು ಪೀರಿಯಡ್ ಬೇಕು. ಜಾಸ್ತಿಯಾಯಿತು ಅನ್ನಿಸಬಹುದು. ವರ್ಷಕ್ಕೆ ನಾಲ್ಕು ಸಲ ಮಾಡಿದರೆ ಸಾಕು, ಎಲ್ಲ ಪಾಠಕ್ಕೂ ಬೇಡ.

ಹೆಜ್ಜೆ 1: ಮೊದಲು ಪ್ರಶ್ನೆ, ಮಾದರಿ ಆಮೇಲೆ

ಪಾಠ ಮುಗಿದ ಕೂಡಲೇ ಮಾದರಿ ಕೈಗೆ ಕೊಡಬೇಡಿ. ಪ್ರಶ್ನೆಯನ್ನು ಬೋರ್ಡಿನಲ್ಲಿ ಬರೆಯಿರಿ. ಹತ್ತು ನಿಮಿಷ ಮಕ್ಕಳೇ ಬರೆಯಲಿ. ಎರಡು ಸಾಲು ಬಂದರೂ ಸರಿ, ಮಧ್ಯೆ ಕನ್ನಡ ಪದ ಸೇರಿದರೂ ಸರಿ. ಅಂಕ ಇಲ್ಲ, ಕೆಂಪು ಪೆನ್ನು ಇಲ್ಲ. ಒಮ್ಮೆ ತಡಕಾಡಿದ ಮಗು ಮಾದರಿಯನ್ನು ಬೇರೆ ಥರ ಓದುತ್ತದೆ. ತಾನು ಎಲ್ಲಿ ಸಿಕ್ಕಿಬಿದ್ದೆನೋ ಅಲ್ಲಿ ಇದನ್ನು ಬರೆದವರು ಏನು ಮಾಡಿದ್ದಾರೆ ಅಂತ ಹುಡುಕುತ್ತದೆ.

ಪ್ರಶ್ನೆ ಆರಿಸುವಾಗ ಸ್ವಲ್ಪ ಯೋಚನೆ ಮಾಡಿ. ಎಸ್ಸೆಸ್ಸೆಲ್ಸಿ ದ್ವಿತೀಯ ಭಾಷೆ ಇಂಗ್ಲಿಷ್ ಪುಸ್ತಕದಲ್ಲಿ ಆರ್.ಕೆ. ನಾರಾಯಣ್ ಅವರ 'ಎ ಹೀರೋ' ಕಥೆ ಇದೆಯಲ್ಲ, ಅದನ್ನೇ ತಗೊಳ್ಳಿ. ಕಾಡುದಾರಿಯಲ್ಲಿ ಹುಲಿ ಎದುರಾದ ಹಳ್ಳಿ ಹುಡುಗನ ಸುದ್ದಿಯನ್ನು ಸ್ವಾಮಿ ಎಂಬ ಹುಡುಗನ ಅಪ್ಪ ಪೇಪರಿನಲ್ಲಿ ಓದುತ್ತಾರೆ. ಧೈರ್ಯ ಇದ್ದರೆ ಸಾಕು, ಶಕ್ತಿ ವಯಸ್ಸು ಮುಖ್ಯವಲ್ಲ ಅನ್ನುತ್ತಾರೆ. ಹಾಗಾದರೆ ಇವತ್ತು ರಾತ್ರಿ ನನ್ನ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗಿ ತೋರಿಸು ಅಂತ ಸ್ವಾಮಿಗೆ ಸವಾಲು ಹಾಕುತ್ತಾರೆ. ಅಜ್ಜಿಯ ಪಕ್ಕ ಮಲಗುವ ಹುಡುಗ ಅವನು. ರಾತ್ರಿ ಹೆದರಿ ಬೆಂಚಿನಡಿ ನುಸುಳುತ್ತಾನೆ. ಕತ್ತಲಲ್ಲಿ ಏನೋ ಕದಲಿದಾಗ ಅದನ್ನೇ ಅಪ್ಪಿ ಹಿಡಿದು ಕಚ್ಚುತ್ತಾನೆ. ಅದು ಕಳ್ಳನ ಕಾಲು. ಮರುದಿನ ಊರೆಲ್ಲ ಹೊಗಳಿಕೆ.

"ಸ್ವಾಮಿಯ ಬಗ್ಗೆ ಬರೆಯಿರಿ" ಅಂತ ಕೇಳಿದರೆ ಬರುವುದು ಕಥೆಯ ಸಾರಾಂಶ. "ಸ್ವಾಮಿ ನಿಜಕ್ಕೂ ಹೀರೋನಾ?" ಅಂತ ಕೇಳಿ ನೋಡಿ. ಕ್ಲಾಸಿನಲ್ಲಿ ಜಗಳ ಶುರುವಾಗುತ್ತದೆ. ಆ ಜಗಳವೇ ನಮಗೆ ಬೇಕಾದ್ದು. ಜಗಳ ತುಳುವಿನಲ್ಲೇ ಆಗಲಿ, ಬಿಡಿ.

ಹೆಜ್ಜೆ 2: ಮಾದರಿ ನೀವೇ ಬರೆಯಿರಿ

ಗೈಡಿನ ಉತ್ತರ ಬೇಡ. ಅದು ಕೆಟ್ಟದ್ದು ಅಂತಲ್ಲ. ಆದರೆ ಅದರ ಭಾಷೆ ನಮ್ಮ ಮಕ್ಕಳ ಕೈಗೆ ಎಟುಕುವುದಿಲ್ಲ, ಒಂದೊಂದು ವಾಕ್ಯ ಮೂರು ಸಾಲು. ಅದನ್ನು ನೋಡಿದ ಮಗುವಿಗೆ ಬಾಯಿಪಾಠ ಬಿಟ್ಟು ಬೇರೆ ದಾರಿ ಕಾಣುವುದಿಲ್ಲ.

ಬರೆಯುವಾಗ ನಾನು ಮೂರು ವಿಷಯ ನೋಡಿಕೊಳ್ಳುತ್ತೇನೆ. ಉದ್ದ, ಪರೀಕ್ಷೆಯಲ್ಲಿ ನಾಲ್ಕು ಅಂಕಕ್ಕೆ ಎಷ್ಟು ಬರೆಯಬೇಕೋ ಅಷ್ಟೇ. ಎರಡು ಪುಟದ ಚಂದದ ಪ್ರಬಂಧ ಬರೆದು ತೋರಿಸಿದರೆ ಮಕ್ಕಳು ಹೆದರುತ್ತಾರೆ. ಪದಗಳು, ನನ್ನ ಕ್ಲಾಸಿನ ಮಧ್ಯಮ ಮಟ್ಟದ ಹುಡುಗಿಗೆ ಗೊತ್ತಿರುವಂಥವು. ಹೊಸ ಪದ ಇದ್ದರೆ ಮೂರು, ಅದಕ್ಕಿಂತ ಹೆಚ್ಚಿಲ್ಲ. ಇನ್ನೊಂದು ಸಮಯ. ಗಡಿಯಾರ ಎದುರಿಗಿಟ್ಟು ಹತ್ತು ನಿಮಿಷದಲ್ಲಿ ನಾನೂ ಕೈಯಲ್ಲೇ ಬರೆಯುತ್ತೇನೆ. ಹೀಗೆ ಬರೆದಾಗಲೇ ಗೊತ್ತಾಗುವುದು, ನಾವು ಮಕ್ಕಳಿಂದ ಕೇಳುತ್ತಿರುವುದು ಎಷ್ಟು ಕಷ್ಟದ ಕೆಲಸ ಅಂತ. ಒಮ್ಮೆ ನನ್ನದೇ ಹತ್ತು ನಿಮಿಷ ಮುಗಿದರೂ ಉತ್ತರ ಮುಗಿದಿರಲಿಲ್ಲ. ಆವತ್ತಿನಿಂದ "ಇಷ್ಟೂ ಬರೆಯಲಿಕ್ಕೆ ಆಗುವುದಿಲ್ವಾ" ಅನ್ನುವ ಮಾತು ಬಿಟ್ಟೆ.

ಹೆಜ್ಜೆ 3: ಪೇಲವ ಉತ್ತರವನ್ನೂ ಒಂದು ಬರೆಯಿರಿ

ಒಂದೇ ಮಾದರಿ ತೋರಿಸಿದರೆ ಅದು ದೇವರ ಫೋಟೋ ಆಗಿಬಿಡುತ್ತದೆ. ಕೈಮುಗಿಯಬಹುದು, ಮುಟ್ಟುವ ಹಾಗಿಲ್ಲ. ಪಕ್ಕದಲ್ಲಿ ಇನ್ನೊಂದು ಇಟ್ಟರೆ ಮಕ್ಕಳು ಹೋಲಿಸಲು ಶುರು ಮಾಡುತ್ತಾರೆ. ಆದರೆ ಯಾವುದೋ ಮಗುವಿನ ನಿಜವಾದ ಉತ್ತರವನ್ನು 'ಕೆಟ್ಟದ್ದು' ಅಂತ ತೋರಿಸಬೇಡಿ. ಹೆಸರು ಮುಚ್ಚಿದರೂ ಕೈಬರಹ ಎಲ್ಲರಿಗೂ ಗೊತ್ತಿರುತ್ತದೆ. ನೀವೇ ಬರೆಯಿರಿ.

ನನ್ನ ಎರಡು ಉತ್ತರಗಳು ಇವು. ಕ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ಕೊಡುತ್ತೇನೆ, ಇಲ್ಲಿ ಕನ್ನಡದಲ್ಲಿ ಇಡುತ್ತಿದ್ದೇನೆ.

ಮೊದಲನೆಯದು: "ಸ್ವಾಮಿ ತುಂಬಾ ಧೈರ್ಯವಂತ ಹುಡುಗ. ಅವನು ಅಪ್ಪನ ಕೋಣೆಯಲ್ಲಿ ಮಲಗಿದನು. ರಾತ್ರಿ ಕಳ್ಳ ಬಂದನು. ಸ್ವಾಮಿ ಕಳ್ಳನನ್ನು ಹಿಡಿದನು. ಎಲ್ಲರೂ ಅವನನ್ನು ಹೊಗಳಿದರು. ಈ ಕಥೆಯಿಂದ ನಾವು ಧೈರ್ಯವಾಗಿರಬೇಕು ಎಂದು ಕಲಿಯುತ್ತೇವೆ. ಆದ್ದರಿಂದ ಸ್ವಾಮಿ ಹೀರೋ."

ಎರಡನೆಯದು: "ಊರಿನವರ ಕಣ್ಣಿಗೆ ಸ್ವಾಮಿ ಹೀರೋ, ಆದರೆ ಸ್ವಾಮಿಗೆ ಹಾಗೆ ಅನ್ನಿಸಿಲ್ಲ. ಅವನು ಕಳ್ಳನನ್ನು ಹಿಡಿಯಲು ಹೋದವನಲ್ಲ. ಬೆಂಚಿನಡಿ ಅಡಗಿದ್ದ ಅವನು ದೆವ್ವವೇ ಬಂತು ಎಂದುಕೊಂಡು, ತನ್ನನ್ನು ಉಳಿಸಿಕೊಳ್ಳಲು ಕಚ್ಚಿದ. ಅಂದರೆ ಕಳ್ಳ ಸಿಕ್ಕಿದ್ದು ಅವನ ಹೆದರಿಕೆಯಿಂದ. ಇನ್ನೊಂದು ಸಾಕ್ಷಿ ಕೊನೆಯಲ್ಲಿದೆ. ಅಷ್ಟು ಹೊಗಳಿಕೆ ಸಿಕ್ಕ ಮೇಲೂ ಅವನು ಮರುದಿನ ಮತ್ತೆ ಅಜ್ಜಿಯ ಪಕ್ಕವೇ ಮಲಗುತ್ತಾನೆ. ಅಪ್ಪ ಸುಮ್ಮನಾದಾಗ ಹೊದಿಕೆಯೊಳಗೆ ಅವನಿಗೆ ಸಮಾಧಾನವಾಗುತ್ತದೆ. ನಿಜವಾಗಿ ಧೈರ್ಯ ಬಂದಿದ್ದರೆ ಒಬ್ಬನೇ ಮಲಗುತ್ತಿದ್ದ. ಹಾಗಾಗಿ ಕಥೆಯ ಹೆಸರೇ ಒಂದು ತಮಾಷೆ ಎಂದು ನನಗೆ ಅನ್ನಿಸುತ್ತದೆ."

ಎರಡನೆಯದು ಒಂದೇ ಸರಿ ಉತ್ತರವಲ್ಲ. "ಅಲ್ಲ, ಅವನು ಹೀರೋನೇ" ಅಂತ ವಾದ ಮಾಡುವ ಇನ್ನೊಂದು ಒಳ್ಳೆಯ ಉತ್ತರವನ್ನೂ ಬರೆದಿಟ್ಟುಕೊಳ್ಳಿ. ಹೆದರಿಕೆ ಇದ್ದರೂ ಅವನು ಕೋಣೆ ಬಿಟ್ಟು ಓಡಲಿಲ್ಲವಲ್ಲ! ಅದು ಆರನೇ ಹೆಜ್ಜೆಯಲ್ಲಿ ಬೇಕಾಗುತ್ತದೆ.

ಇಲ್ಲಿ ಒಂದು ಸಣ್ಣ ಮಾತು. ದೆವ್ವ ಅನ್ನುವುದಕ್ಕೆ ಅಪ್ಪಿತಪ್ಪಿ 'ಭೂತ' ಅಂತ ಹೇಳಬೇಡಿ. ನಮ್ಮ ಮಕ್ಕಳಿಗೆ ಭೂತ ಅಂದರೆ ದೈವ. ಕೋಲ ಕಟ್ಟಿ ಕೈಮುಗಿಯುವ ದೈವವನ್ನು ಸ್ವಾಮಿ ಕಚ್ಚಿದ ಅಂದರೆ ಕ್ಲಾಸು ಎಲ್ಲಿಗೋ ಹೋಗುತ್ತದೆ. ತುಳುವಿನ 'ಕುಲೆ' ಅಂದುಬಿಡಿ, ಕೂಡಲೇ ಅರ್ಥವಾಗುತ್ತದೆ.

ಹೆಜ್ಜೆ 4: ಬಿಚ್ಚಿ ನೋಡುವುದು

ಇಡೀ ಕೆಲಸದ ಜೀವ ಇಲ್ಲಿದೆ. ಒಂದು ಪೂರ್ತಿ ಪೀರಿಯಡ್ ಇದಕ್ಕೇ ಇಡಿ.

ಮೊದಲು ಎರಡೂ ಉತ್ತರ ಜೋರಾಗಿ ಓದಿ, ಒಂದೇ ಪ್ರಶ್ನೆ ಕೇಳಿ. "ಪುಸ್ತಕ ಓದದವನು ಯಾವ ಉತ್ತರ ಬರೆಯಬಹುದು?" ಮಕ್ಕಳು ಥಟ್ಟನೆ ಹೇಳುತ್ತಾರೆ, ಮೊದಲನೆಯದು. ಯಾಕೆ ಅಂತ ಕೇಳಿ. "ಅದು ಯಾರಿಗೂ ಗೊತ್ತಿರುವುದೇ ಟೀಚರ್" ಅನ್ನುತ್ತಾರೆ. ಸಾಹಿತ್ಯದ ಉತ್ತರಕ್ಕೂ ಸಾರಾಂಶಕ್ಕೂ ಏನು ವ್ಯತ್ಯಾಸ ಅಂತ ನಾನು ಅರ್ಧ ಗಂಟೆ ಕೊರೆದರೂ ತಲೆಗೆ ಹೋಗದ್ದು ಈ ಒಂದು ಪ್ರಶ್ನೆಯಲ್ಲಿ ಹೋಗುತ್ತದೆ.

ಆಮೇಲೆ ಎರಡನೇ ಉತ್ತರವನ್ನು ವಾಕ್ಯ ವಾಕ್ಯವಾಗಿ ಕತ್ತರಿಸಿ, ನಾಲ್ಕು ಜನರ ಗುಂಪಿಗೆ ಒಂದೊಂದು ಕಟ್ಟು ಕೊಡಿ. ಸರಿಯಾದ ಕ್ರಮಕ್ಕೆ ಜೋಡಿಸಲಿ. ಕತ್ತರಿಸಿದ ಚೀಟಿ ಫ್ಯಾನಿನ ಗಾಳಿಗೆ ಹಾರುತ್ತದೆ, ಫ್ಯಾನ್ ಆಫ್ ಮಾಡಿ. ಮಾರ್ಚ್ ತಿಂಗಳಲ್ಲಿ ಈ ಆಟ ಆಡಿಸಬೇಡಿ, ಸೆಕೆಯಲ್ಲಿ ಮಕ್ಕಳ ಶಾಪ ತಟ್ಟುತ್ತದೆ. ಜೋಡಿಸುವಾಗ ಅವರು 'ಅಂದರೆ', 'ಇನ್ನೊಂದು', 'ಹಾಗಾಗಿ' ಅನ್ನುವ ಕೊಂಡಿಗಳನ್ನು ಹಿಡಿದೇ ಕ್ರಮ ಕಂಡುಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ಬಿಕಾಸ್, ಬಟ್, ಸೋ, ಅನದರ್, ದಿಸ್ ಶೋಸ್. ಕನ್ನಡ ಮಾಧ್ಯಮದ ಮಗುವಿಗೆ ಹತ್ತು ದೊಡ್ಡ ವಿಶೇಷಣಗಳಿಗಿಂತ ಈ ಐದು ಕೊಂಡಿಗಳು ಜಾಸ್ತಿ ಕೆಲಸಕ್ಕೆ ಬರುತ್ತವೆ.

ಕ್ರಮ ಆದ ಮೇಲೆ ಬಣ್ಣ. ಪ್ರತಿ ವಾಕ್ಯ ಏನು ಕೆಲಸ ಮಾಡುತ್ತಿದೆ ಅಂತ ಗುರುತು ಹಾಕಿಸಿ. ನಾನು ಮೂರು ಹೆಸರು ಇಟ್ಟಿದ್ದೇನೆ: ಹೇಳು, ತೋರಿಸು, ಬಿಡಿಸು. ಹೇಳು ಅಂದರೆ ನನ್ನ ಅಭಿಪ್ರಾಯ. ತೋರಿಸು ಅಂದರೆ ಕಥೆಯಿಂದ ಸಾಕ್ಷಿ. ಬಿಡಿಸು ಅಂದರೆ ಆ ಸಾಕ್ಷಿಯಿಂದ ನನ್ನ ಮಾತು ಹೇಗೆ ನಿಜವಾಗುತ್ತದೆ ಅನ್ನುವ ವಿವರಣೆ. ಇಂಗ್ಲೆಂಡಿನ ಶಾಲೆಗಳಲ್ಲಿ ಪಾಯಿಂಟ್, ಎವಿಡೆನ್ಸ್, ಎಕ್ಸ್‌ಪ್ಲನೇಶನ್ ಅಂತ ಕಲಿಸುವುದು ಇದನ್ನೇ. ಮೂರು ಬಣ್ಣದ ಪೆನ್ಸಿಲ್ ಇಲ್ಲದಿದ್ದರೆ ಒಂದು ಗೆರೆ, ಎರಡು ಗೆರೆ, ಅಲೆಗೆರೆ ಸಾಕು.

ಈಗ ಅದೇ ಗುರುತುಗಳನ್ನು ಮೊದಲ ಉತ್ತರಕ್ಕೆ ಹಾಕಿಸಿ. ಮೊದಲ ಮತ್ತು ಕೊನೆಯ ಸಾಲು 'ಹೇಳು'. ಮಧ್ಯದಲ್ಲಿ ಒಂದಿಷ್ಟು 'ತೋರಿಸು'. 'ಬಿಡಿಸು' ಒಂದೂ ಇಲ್ಲ. ಅಲೆಗೆರೆ ಎಳೆಯಲು ಜಾಗವೇ ಸಿಗದೆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕೊನೆಗೆ ಮೊದಲ ಹೆಜ್ಜೆಯಲ್ಲಿ ತಾವೇ ಬರೆದ ಎರಡು ಸಾಲು ತೆಗೆದು ಅದಕ್ಕೂ ಗುರುತು ಹಾಕಲಿ. ನೀವು ಏನೂ ಹೇಳಬೇಕಾಗಿಲ್ಲ.

ಹೆಜ್ಜೆ 5: ಬೋರ್ಡಿನ ಮೇಲೆ, ಎಲ್ಲರೆದುರು, ತಪ್ಪು ಮಾಡುತ್ತಾ

ಮುಗಿಸಿಟ್ಟ ಪ್ರಬಂಧ ನೋಡಿದರೆ ಅದು ಹೇಗೆ ಹುಟ್ಟಿತು ಅಂತ ಗೊತ್ತಾಗುವುದಿಲ್ಲ. ಮೀನು ಸಾರು ಉಂಡವನಿಗೆಲ್ಲ ಮಸಾಲೆ ಅರೆಯುವುದು ಗೊತ್ತಿರುವುದಿಲ್ಲವಲ್ಲ, ಹಾಗೆ. ಆದ್ದರಿಂದ ಒಂದು ಪ್ಯಾರಾವನ್ನು ಬೋರ್ಡಿನ ಮೇಲೆ ಬರೆಯುತ್ತಾ, ಮನಸ್ಸಿನಲ್ಲಿ ಓಡುವುದನ್ನು ಬಾಯಿಬಿಟ್ಟು ಹೇಳಿ.

"ಅಪ್ಪನ ಬಗ್ಗೆ ಬರೆಯೋಣ. ಅಪ್ಪ ಕೆಟ್ಟವರು... ಅಲ್ಲ, ಕೆಟ್ಟವರು ಅಂದರೆ ಜಾಸ್ತಿ ಆಯಿತು. ಹಟಮಾರಿ? ಸರಿ, ಅದು. ಸಾಕ್ಷಿ ಏನು? ಪೇಪರಿನ ಸುದ್ದಿ ಹಿಡಿದು ಮಗನಿಗೆ ಸವಾಲು ಹಾಕಿದ್ದು. ಅದರಿಂದ ಏನು ತಿಳಿಯುತ್ತದೆ?" ಇಲ್ಲಿ ನಿಲ್ಲಿಸಿ. ಚಾಕ್ ಒಂದು ಮಗುವಿನ ಕೈಗೆ ಕೊಡಿ. ಬೇಕೆಂದೇ ಒಂದು ಕಡೆ ಹೊಡೆದುಹಾಕಿ ಮತ್ತೆ ಬರೆಯಿರಿ. ಟೀಚರ್ ಕೂಡ ಹೊಡೆದುಹಾಕುತ್ತಾರೆ ಅಂತ ನೋಡಿದರೆ ಮಕ್ಕಳಿಗೆ ಖುಷಿ.

ನನ್ನ ಸ್ಪೆಲ್ಲಿಂಗ್ ಕೆಲವೊಮ್ಮೆ ಬೇಕೆಂದೇ ಅಲ್ಲದೆಯೂ ತಪ್ಪುತ್ತದೆ. ಕ್ಲಾಸಿನ ಒಬ್ಬಳು ಹುಡುಗಿ ಅದಕ್ಕೇ ಕಾದು ಕೂತಿರುತ್ತಾಳೆ.

ಹೆಜ್ಜೆ 6: ವಾಪಸ್ ತಗೊಳ್ಳಿ

ಈಗ ಎಲ್ಲ ಚೀಟಿ, ಎಲ್ಲ ಹಾಳೆ ವಾಪಸ್ ತಗೊಳ್ಳಿ. ಬೋರ್ಡ್ ಒರೆಸಿ. ಈ ಹೆಜ್ಜೆ ಬಿಟ್ಟರೆ ಉಳಿದದ್ದೆಲ್ಲ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದ ಹಾಗೆ. ನನ್ನ ಜೆರಾಕ್ಸ್ ಪ್ರಸಂಗದಲ್ಲಿ ಬಿಟ್ಟುಹೋದದ್ದು ಇದೇ.

ನಂತರ ಪ್ರಶ್ನೆ ಬದಲಾಯಿಸಿ. ಅದೇ ಪಾಠ, ಬೇರೆ ಪ್ರಶ್ನೆ: "ಅಪ್ಪ ಮಾಡಿದ್ದು ಸರಿಯಾ?" ಈ ಸಲ ಕೈಯಲ್ಲಿ ಐದು ಕೊಂಡಿಗಳ ಪಟ್ಟಿ ಮಾತ್ರ. ಇನ್ನೊಂದು ವಾರ ಬಿಟ್ಟು, ಬೇರೆ ಪಾಠ, ಬೇರೆ ಪ್ರಶ್ನೆ, ಪಟ್ಟಿಯೂ ಇಲ್ಲ. ಕಷ್ಟಪಡುವ ಮಕ್ಕಳಿಗೆ ಪಟ್ಟಿ ಇನ್ನೂ ಸ್ವಲ್ಪ ದಿನ ಇರಲಿ. ಚುರುಕು ಮಕ್ಕಳಿಂದ ಬೇಗ ಕಿತ್ತುಕೊಳ್ಳಿ. ಅವರಿಗೆ ಮೂರನೇ ಹೆಜ್ಜೆಯಲ್ಲಿ ಬರೆದಿಟ್ಟ ಎದುರು ವಾದದ ಉತ್ತರ ಕೊಟ್ಟು, "ಇದಕ್ಕೆ ಜವಾಬು ಬರೆಯಿರಿ" ಅನ್ನಿ. ಅಲ್ಲಿ ನಿಜವಾದ ತಾಳಮದ್ದಲೆ ಶುರುವಾಗುತ್ತದೆ. ಹೇಳು-ತೋರಿಸು-ಬಿಡಿಸು ಚೌಕಟ್ಟನ್ನೂ ಅವರು ಮುರಿಯಲಿ. ಸಾಕ್ಷಿಯಿಂದಲೇ ಶುರು ಮಾಡಿದರೆ ಏನಾಗುತ್ತದೆ ಅಂತ ನೋಡಲಿ. ಚೌಕಟ್ಟು ಮೆಟ್ಟಿಲು ಮಾತ್ರ. ಅದರ ಮೇಲೆಯೇ ಬಿಡಾರ ಹೂಡಿದರೆ ಎಲ್ಲ ಉತ್ತರವೂ ಒಂದೇ ಅಚ್ಚಿನ ಇಡ್ಲಿ.

ಪದ್ಯವಾದರೆ ದಾರಿ ಸ್ವಲ್ಪ ಬೇರೆ

ಪದ್ಯದಲ್ಲಿ ಸಾಕ್ಷಿ ಅಂದರೆ ಘಟನೆಯಲ್ಲ, ಪದ. ಹಾಗಾಗಿ ಪ್ರಬಂಧಕ್ಕೆ ಮೊದಲು ಒಂದು ಪದದ ಮೇಲೆ ಕೂರಿ.

ಶೇಕ್ಸ್‌ಪಿಯರ್‌ನ 'ದಿ ಮರ್ಚಂಟ್ ಆಫ್ ವೆನಿಸ್' ನಾಟಕದ ಕೋರ್ಟಿನ ದೃಶ್ಯದಲ್ಲಿ ಪೋರ್ಶಿಯಾ ಕರುಣೆಯ ಬಗ್ಗೆ ಹೇಳುವ ಮಾತು ನಮ್ಮ ಮಕ್ಕಳಿಗೆ ಪದ್ಯವಾಗಿ ಇದೆ. ಕರುಣೆ ಆಕಾಶದಿಂದ ಬೀಳುವ ಮೆದು ಮಳೆಯ ಹಾಗೆ, ಕೊಟ್ಟವನಿಗೂ ಪಡೆದವನಿಗೂ ಒಳ್ಳೆಯದು, ಎರಡು ಪಟ್ಟು ಪುಣ್ಯ ಅನ್ನುತ್ತಾಳೆ. ಗೈಡುಗಳಲ್ಲಿ "ಕವಿ ಕರುಣೆಯನ್ನು ಮಳೆಗೆ ಹೋಲಿಸಿದ್ದಾನೆ" ಅಂತ ಬರೆದು ಮುಗಿಸುತ್ತಾರೆ. ಅದು 'ತೋರಿಸು' ಮಾತ್ರ. 'ಬಿಡಿಸು' ಎಲ್ಲಿ?

ಒಂದು ಜುಲೈಯಲ್ಲಿ ಈ ಪಾಠ ಮಾಡುತ್ತಿದ್ದೆ. ಹೊರಗೆ ಹಂಚು ಹಾರುವ ಮಳೆ. ಮಳೆ ಅಂದರೆ ನಿಮಗೆ ಏನು ನೆನಪಾಗುತ್ತದೆ ಅಂತ ಕೇಳಿದೆ. "ರಜೆ ಟೀಚರ್" ಅಂದರು ಎಲ್ಲರೂ. ಜಿಲ್ಲಾಧಿಕಾರಿ ರಜೆ ಘೋಷಿಸುವುದನ್ನೇ ಕಾಯುವ ಮಕ್ಕಳಲ್ಲವೇ. ಮಲ್ಪೆ ಕಡೆಯ ಒಬ್ಬ ಹೇಳಿದ, "ಬೋಟ್ ಬಂದ್." ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಅವನ ಮನೆಯಲ್ಲಿ ಮಳೆಗಾಲ ಅಂದರೆ ಕೈಯಲ್ಲಿ ಕಾಸಿಲ್ಲದ ಕಾಲ. ಹಾಗಾದರೆ ಪೋರ್ಶಿಯಾ ಹೇಳುವ ಮಳೆ ಈ ಮಳೆಯಾ? ಅಲ್ಲ. ಅವಳು 'ಜೆಂಟಲ್' ಅನ್ನುವ ಪದ ಹಾಕಿದ್ದಾಳೆ. ಯಾಕೆ ಹಾಕಿದಳು? ಅಲ್ಲಿಂದ ಮಾತು ಬೆಳೆಯಿತು.

ಇನ್ನೊಂದು ಕೀಲಿ ಇದೆ. ಕರುಣೆ 'ಸ್ಟ್ರೇನ್ಡ್' ಅಲ್ಲ ಅನ್ನುತ್ತಾಳಲ್ಲ, ಅಲ್ಲಿ ಆ ಪದಕ್ಕೆ ಸೋಸುವುದು ಅಂತ ಅರ್ಥವಲ್ಲ, ಒತ್ತಾಯ ಅಂತ. ಪೋರ್ಶಿಯಾ ಮಾತು ಶುರು ಮಾಡುವ ಮೊದಲು ಸಾಲ ಕೊಟ್ಟ ಶೈಲಾಕ್ ಕೇಳಿರುತ್ತಾನೆ, ನಾನು ಕರುಣೆ ತೋರಿಸಲೇಬೇಕು ಅನ್ನುವ ಒತ್ತಾಯ ಎಲ್ಲಿದೆ ಅಂತ. ಅವಳ ಮಾತು ಅದಕ್ಕೆ ಉತ್ತರ. ಒತ್ತಾಯವಿಲ್ಲ, ಮಳೆಗೆ ಬೀಳು ಅಂತ ಯಾರೂ ಅಪ್ಪಣೆ ಕೊಡುವುದಿಲ್ಲ, ಕರುಣೆಯೂ ಹಾಗೇ. ಈ ಹಿಂದಿನ ಸಾಲು ಹೇಳಿಕೊಡದೆ ಪದ್ಯದ ಮಾದರಿ ಉತ್ತರ ಕೊಟ್ಟರೆ, ಮಕ್ಕಳಿಗೆ ಅದು ಬರೀ ನೀತಿ ಪಾಠವಾಗುತ್ತದೆ. ಇಬ್ಬರು ಜಗಳವಾಡುತ್ತಿದ್ದಾರೆ ಅಂತ ಗೊತ್ತಾದರೆ ಕಿವಿ ನೆಟ್ಟಗಾಗುತ್ತದೆ.

ಪದ್ಯಕ್ಕೆ ಮಾದರಿ ಬರೆಯುವಾಗ ಇಡೀ ಪದ್ಯದ ಬಗ್ಗೆ ಬರೆಯಬೇಡಿ. ಒಂದು ಪದ, ಐದು ವಾಕ್ಯ. ಮಕ್ಕಳೂ ತಮ್ಮ ಇಷ್ಟದ ಒಂದು ಪದ ಆರಿಸಿ ಐದು ವಾಕ್ಯ ಬರೆಯಲಿ.

ಬಾಯಿಪಾಠ ಬೇಡವೇ ಬೇಡವಾ?

ಹಾಗೆ ಹೇಳಲು ನನಗೆ ಧೈರ್ಯವಿಲ್ಲ. ನಾವಿರುವುದು ಪರೀಕ್ಷೆಯ ಲೋಕದಲ್ಲಿ. ದ್ವಿತೀಯ ಭಾಷೆಗೆ ಲಿಖಿತ ಪರೀಕ್ಷೆಯೇ 80 ಅಂಕ, ಉಳಿದ 20 ಆಂತರಿಕ. ಪಾಸಾದರೆ ಸಾಕು ಎಂಬ ಸ್ಥಿತಿಯಲ್ಲಿರುವ ಮಕ್ಕಳು ಪ್ರತಿ ಕ್ಲಾಸಿನಲ್ಲೂ ಇರುತ್ತಾರೆ. ಅವರಿಗೆ ಪಾಸಿಂಗ್ ಪ್ಯಾಕೇಜ್ ಮಾಡಿಕೊಡುವುದನ್ನು ನಾನೂ ಬಿಟ್ಟಿಲ್ಲ. ಪತ್ರದ ಮಾದರಿ, ಪದ್ಯದ ಸಾಲುಗಳು ಇವೆಲ್ಲ ಬಾಯಿಪಾಠವೇ ಆಗಬೇಕು, ಅದರಲ್ಲಿ ನಾಚಿಕೆ ಏನಿಲ್ಲ.

ಆದರೆ ಇಡೀ ಪ್ರಬಂಧದ ಬದಲು ಬಿಡಿಭಾಗ ಬಾಯಿಪಾಠ ಮಾಡಿಸಿ. ಐದು ಕೊಂಡಿಗಳು, ಪ್ರತಿ ಪಾಠಕ್ಕೆ ಎರಡು ಘಟನೆ, ಪ್ರತಿ ಪದ್ಯಕ್ಕೆ ಎರಡು ಸಾಲು, ಶುರು ಮಾಡಲು ಒಂದು ವಾಕ್ಯ. ಇವನ್ನು ಹೇಗೆ ಬೇಕಾದರೂ ಜೋಡಿಸಬಹುದು. ಇಡೀ ಪ್ರಬಂಧ ಕಲಿತವನಿಗೆ ಮಧ್ಯದಲ್ಲಿ ಒಂದು ಪದ ಮರೆತರೆ ಕೈ ನಿಂತೇ ಹೋಗುತ್ತದೆ. ಪರೀಕ್ಷಾ ಕೋಣೆಯಲ್ಲಿ ಮೇಲೆ ನೋಡುತ್ತಾ ಕೂತ ಮಕ್ಕಳನ್ನು ನೀವೂ ನೋಡಿದ್ದೀರಿ.

ಬೇರೆಯವರ ಪಾಠ ಯೋಜನೆ ತರುವಾಗ

ದೀಕ್ಷಾ ಆಪಿನಲ್ಲಿ, ಯೂಟ್ಯೂಬಿನಲ್ಲಿ, ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಮಾದರಿ ಪಾಠಗಳು ರಾಶಿ ಬಿದ್ದಿವೆ. ತಗೊಳ್ಳಿ, ಆದರೆ ಹಾಗೇ ಕ್ಲಾಸಿಗೆ ಒಯ್ಯಬೇಡಿ. ನಾನು ಪೆನ್ಸಿಲ್ ಹಿಡಿದು ಮೂರು ಕಡೆ ನೋಡುತ್ತೇನೆ. ಮಕ್ಕಳು ಬಾಯಿ ಬಿಡುವುದು ಯಾವಾಗ? ಮಕ್ಕಳು ಬರೆಯುವುದು ಯಾವಾಗ? ಕರೆಂಟ್ ಹೋದರೆ ಈ ಪಾಠ ನಡೆಯುತ್ತದಾ? ಮೂರನೆಯದು ತಮಾಷೆಯಲ್ಲ, ಮಳೆಗಾಲದಲ್ಲಿ ಪ್ರೊಜೆಕ್ಟರ್ ನಂಬಿ ಹೋದವರಿಗೆ ಗೊತ್ತು. ಮೊದಲ ಹದಿನೈದು ನಿಮಿಷ ಟೀಚರೇ ಮಾತಾಡುವ ಯೋಜನೆಯಾದರೆ ಅದನ್ನು ಐದಕ್ಕೆ ಇಳಿಸಿ. ಮತ್ತೆ, ಅದರಲ್ಲಿರುವ ಉದಾಹರಣೆ ಬದಲಾಯಿಸಿ. ಹಿಮ ಬೀಳುವ ಊರಿನ ಉದಾಹರಣೆ ಕುಂದಾಪುರದ ಮಗುವಿಗೆ ಯಾಕೆ?

ಫೋನಿನಿಂದ ಬಂದ ಪ್ರಬಂಧ

ಈಗ ಮಕ್ಕಳು ಅಪ್ಪನ ಫೋನಿನಲ್ಲಿ ಎಐ ಆಪಿಗೆ ಪ್ರಶ್ನೆ ಹಾಕಿ ಪ್ರಬಂಧ ಬರೆಸಿಕೊಂಡು ಬರುತ್ತಾರೆ. ಗದರಿಸಿ ಪ್ರಯೋಜನವಿಲ್ಲ. ನಾನು ಅದನ್ನೂ ನಾಲ್ಕನೇ ಹೆಜ್ಜೆಗೆ ಹಾಕುತ್ತೇನೆ. ಗುರುತು ಹಾಕಿ ನೋಡಿ ಅನ್ನುತ್ತೇನೆ. 'ಹೇಳು' ಬೇಕಾದಷ್ಟು ಇರುತ್ತದೆ, ದೊಡ್ಡ ದೊಡ್ಡ ಪದದಲ್ಲಿ. 'ತೋರಿಸು' ಬಂದಾಗ ಪುಸ್ತಕ ತೆಗೆದು ಆ ಘಟನೆ ಯಾವ ಪುಟದಲ್ಲಿದೆ ಅಂತ ಹುಡುಕಿಸುತ್ತೇನೆ. ಒಮ್ಮೆ ಸ್ವಾಮಿಗೆ ಒಬ್ಬ ತಂಗಿ ಇದ್ದಳು ಆ ಪ್ರಬಂಧದಲ್ಲಿ. ನಮ್ಮ ಪಾಠದಲ್ಲಿ ತಂಗಿಯೇ ಇಲ್ಲ. ಆ ತಂಗಿಯ ಹುಡುಕಾಟದಲ್ಲಿ ಮಕ್ಕಳು ಪಾಠವನ್ನು ಇನ್ನೊಮ್ಮೆ ಪೂರ್ತಿ ಓದಿದರು. ನನಗೆ ಅಷ್ಟೇ ಬೇಕಿತ್ತು.

ತಿದ್ದುವಾಗ

ನಲವತ್ತು ಪುಸ್ತಕ, ಎಲ್ಲ ತಪ್ಪಿಗೂ ಕೆಂಪು ಗೆರೆ ಎಳೆದರೆ ರಾತ್ರಿ ಹತ್ತಾಗುತ್ತದೆ, ಮಗು ಅದನ್ನು ಓದುವುದೂ ಇಲ್ಲ. ಈ ಅಭ್ಯಾಸದ ಉತ್ತರಗಳಲ್ಲಿ ಎರಡನ್ನೇ ನೋಡಿ. 'ಬಿಡಿಸು' ಇದೆಯಾ, ಕೊಂಡಿ ಸರಿಯಾಗಿದೆಯಾ. ವ್ಯಾಕರಣಕ್ಕೆ ಬೇರೆ ದಿನ ಇದೆ. ಅಂಚಿನಲ್ಲಿ ಒಂದು ಪ್ರಶ್ನೆ ಬರೆಯಿರಿ, "ಇದರಿಂದ ಏನು ಗೊತ್ತಾಯಿತು?" ಅಂತ. ಮುಂದಿನ ಪೀರಿಯಡ್‌ನ ಮೊದಲ ಐದು ನಿಮಿಷ ಆ ಪ್ರಶ್ನೆಗೆ ಅಲ್ಲೇ ಉತ್ತರ ಬರೆಸಿ. ಆಮೇಲೆ ಬರೆಯಿರಿ ಅಂದರೆ ಯಾರೂ ಬರೆಯುವುದಿಲ್ಲ.

ನಿಮ್ಮ ಮಾದರಿಗಳನ್ನು ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಹಾಳೆಯ ಹಿಂಬದಿ ಖಾಲಿ ಇರಲಿ. ಈ ವರ್ಷ ಮಕ್ಕಳು ಎಲ್ಲಿ ಎಡವಿದರು, ಯಾವ ಪದ ಅರ್ಥವಾಗಲಿಲ್ಲ, ಯಾರು ಯಾವ ಹೊಸ ವಾದ ತಂದರು ಅಂತ ಅಲ್ಲಿ ಬರೆದಿಡಿ. ಮುಂದಿನ ಜೂನಿನಲ್ಲಿ ಮಾದರಿಯನ್ನು ಮತ್ತೆ ಬರೆಯುವಾಗ ಅದು ಬೇಕು. ನನ್ನ 'ಎ ಹೀರೋ' ಹಾಳೆಯ ಹಿಂದೆ ಹೋದ ವರ್ಷದ ಒಂದು ಸಾಲು ಇದೆ. ಕ್ಲಾಸಿನಲ್ಲಿ ಎರಡು ತಿಂಗಳು ಬಾಯಿಯೇ ಬಿಡದಿದ್ದ ಹುಡುಗನೊಬ್ಬ ಹೇಳಿದ್ದು: "ಟೀಚರ್, ಮನೆಯಲ್ಲಿ ಸ್ವಾಮಿ ಹೆದರಿದ್ದು ಕತ್ತಲೆಗೆ ಅಲ್ಲ, ಅಪ್ಪನಿಗೆ." ಈ ವರ್ಷದ ಪ್ರಶ್ನೆ ಅದೇ.